ಮನೆಯಲ್ಲೇ ಬೇಸ್ ಗಿಟಾರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಬೇಸ್ ಗಿಟಾರ್ ಮಾಡಿಕೊಳ್ಳುವ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಉತ್ತರಗಳು ಒಂದೇ ಉದ್ದದಲ್ಲಿಲ್ಲ. ಮರ, ಅಳತೆ ಮತ್ತು ಪಾಲಿಷ್ ಕುರಿತ ಪ್ರಶ್ನೆಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಹದಿನೈದು ಸಾವಿರ ರೂಪಾಯಿಯೊಳಗೆ ನಾಲ್ಕು ತಂತಿಯ ಬೇಸ್ ಗಿಟಾರ್ ಒಂದನ್ನು ನಾನೇ ಮಾಡಬೇಕೆಂದಿದ್ದೇನೆ. ಅಜ್ಜನ ಮನೆ ಕೆಡವಿದಾಗ ಉಳಿದ ತೇಗದ ಬಾಗಿಲು ಚೌಕಟ್ಟಿನ ತುಂಡುಗಳು ನಮ್ಮಲ್ಲಿವೆ. ನೆಕ್ (ತಂತಿಗಳು ಹಾಯುವ ಉದ್ದನೆಯ ಹಿಡಿ) ಸೇರಿದಂತೆ ಎಲ್ಲವನ್ನೂ ನಾನೇ ಮಾಡಬಹುದೇ? ಹಣವನ್ನು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು? (ಓದುಗರು, ಸಾಗರ)

ಉತ್ತರ: ಮೊದಲ ವಾದ್ಯಕ್ಕೆ ನೆಕ್ ಅನ್ನು ಸಿದ್ಧವಾಗಿರುವುದನ್ನೇ ಕೊಳ್ಳಿ, ಬಾಡಿಯನ್ನು ಮಾತ್ರ ನಿಮ್ಮ ಕೈಯಿಂದ ಮಾಡಿ ಎಂಬುದು ನನ್ನ ಖಚಿತ ಸಲಹೆ. ನಿಮ್ಮ ಹುಮ್ಮಸ್ಸನ್ನು ಕುಗ್ಗಿಸಲು ಈ ಮಾತು ಹೇಳುತ್ತಿಲ್ಲ. ವಾದ್ಯ ಶ್ರುತಿಯಲ್ಲಿ ನಿಲ್ಲುವುದು ನೆಕ್‌ನ ಅಳತೆಯ ಮೇಲೆ. ಬಾಡಿಯಲ್ಲಿ ಎರಡು ಮಿಲಿಮೀಟರ್ ತಪ್ಪಾದರೆ ಅದು ಆಕಾರದ ಸಣ್ಣ ವ್ಯತ್ಯಾಸವಾಗಿ ಉಳಿಯುತ್ತದೆ, ಆದರೆ ಫ್ರೆಟ್, ಅಂದರೆ ನೆಕ್‌ನ ಮೇಲಿನ ಲೋಹದ ಅಡ್ಡಪಟ್ಟಿ, ಜಾಗ ತಪ್ಪಿದರೆ ಆ ಸ್ವರ ಕೊನೆಯವರೆಗೂ ಅಪಸ್ವರವೇ.

ಬೇಸ್ ಗಿಟಾರಿನ ಪ್ರಚಲಿತ ಸ್ಕೇಲ್, ಅಂದರೆ ನಟ್‌ನಿಂದ (ನೆಕ್‌ನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಬ್ರಿಡ್ಜ್‌ವರೆಗೆ (ಬಾಡಿಯ ಮೇಲೆ ತಂತಿಯನ್ನು ಹಿಡಿಯುವ ಲೋಹದ ಭಾಗ) ಮಿಡಿಯುವ ತಂತಿಯ ಉದ್ದ, 34 ಇಂಚು, ಸುಮಾರು 864 ಮಿ.ಮೀ. ಇದನ್ನು 17.817ರಿಂದ ಭಾಗಿಸಿದರೆ ಬರುವ 48.5 ಮಿ.ಮೀ. ದೂರದಲ್ಲಿ ಮೊದಲ ಫ್ರೆಟ್ ಇರಬೇಕು. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದರ ಜಾಗ ಸಿಗುತ್ತದೆ. ಹೀಗೆಯೇ ಲೆಕ್ಕ ಮುಂದುವರಿದು ಹನ್ನೆರಡನೆಯ ಫ್ರೆಟ್ ಸರಿಯಾಗಿ ಅರ್ಧಕ್ಕೆ, 432 ಮಿ.ಮೀ.ಗೆ ಬಂದು ನಿಲ್ಲಬೇಕು. ನಮ್ಮ ವೀಣೆಯಲ್ಲಿ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸುವುದರಿಂದ, ಸ್ವರ ಜರುಗಿದರೆ ಮೇಣ ಬಿಸಿಮಾಡಿ ಮತ್ತೆ ಮೇಳ ಕಟ್ಟಿಸಬಹುದು. ಗಿಟಾರಿನ ಫ್ರೆಟ್ ಮರದೊಳಗೆ ಕೊಯ್ದ ಸೀಳಿನಲ್ಲಿ ಹೊಡೆದು ಕೂರಿಸುವಂಥದ್ದು, ಅದಕ್ಕೆ ಎರಡನೆಯ ಅವಕಾಶವಿಲ್ಲ. ಇದರ ಜೊತೆಗೆ ನಾಲ್ಕು ತಂತಿಗಳು ಸೇರಿ ನೆಕ್ ಅನ್ನು ಸುಮಾರು 75ರಿಂದ 85 ಕಿಲೋಗ್ರಾಂ ಬಲದಲ್ಲಿ ಎಳೆಯುತ್ತವೆ. 50 ಕಿಲೋ ಅಕ್ಕಿಯ ಮೂಟೆ ಒಂದೂವರೆಯಷ್ಟು ಭಾರ ಹಗಲೂ ರಾತ್ರಿ ಜಗ್ಗುತ್ತಿದ್ದಂತೆ ಅದು. ಆ ಎಳೆತವನ್ನು ತಡೆಯಲು ನೆಕ್‌ನ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರಬೇಕು, ಮತ್ತು ಅದು ಕೂರುವ ಕಾಲುವೆಯನ್ನು ನೇರವಾಗಿ, ಸಮ ಆಳದಲ್ಲಿ ಕೊರೆದಿರಬೇಕು.

ನೆಕ್ ಅನ್ನು ಬೇರೆಯಾಗಿ ಕೊಂಡು ಸ್ಕ್ರೂಗಳಿಂದ ಬಿಗಿಯುವುದು ಕೀಳು ಉಪಾಯವೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್‌ನ ನೆಕ್ ಕೂಡ ನಾಲ್ಕು ಸ್ಕ್ರೂಗಳಲ್ಲಿ ನಿಂತದ್ದೇ. ಫ್ರೆಟ್‌ಗಳಿಲ್ಲದ ದೊಡ್ಡ ಡಬಲ್ ಬೇಸ್‌ಗೆ ಹೋಲಿಸಿದರೆ ಇದರಲ್ಲಿ ಸ್ವರ ನಿಖರವಾಗಿ ಸಿಗುತ್ತದೆಂಬ ಕಾರಣಕ್ಕೆ ಅದಕ್ಕೆ ಆ ಹೆಸರು ಬಂತು. ಇಂದು ನಾವು ಮನೆಯಲ್ಲಿ ಬೇಸ್ ಕಟ್ಟಲು ಸಾಧ್ಯವಾಗಿರುವುದೇ ಆ ಬಿಚ್ಚಿ ಜೋಡಿಸುವ ವಿನ್ಯಾಸದಿಂದ.

ಆದುದರಿಂದ ನಿಮ್ಮ ಹಣದಲ್ಲಿ ದೊಡ್ಡ ಪಾಲು ನೆಕ್‌ಗೆ ಹೋಗಲಿ, ಆಮೇಲೆ ಬ್ರಿಡ್ಜ್ ಮತ್ತು ಶ್ರುತಿ ಬಿರಡೆಗಳಿಗೆ, ಆಮೇಲೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ಗೆ. ಪಿಕಪ್ ಅನ್ನು ಎಂದು ಬೇಕಾದರೂ ಬದಲಿಸಬಹುದು, ಈಗ ಸಾಧಾರಣದ್ದು ಸಾಕು. ಉಳಿತಾಯವೆಲ್ಲ ಮರದಲ್ಲಿ ಮತ್ತು ಪಾಲಿಷ್‌ನಲ್ಲಿ ಆಗಬೇಕು, ಏಕೆಂದರೆ ಅಲ್ಲಿ ಹಣದ ಬದಲು ತಾಳ್ಮೆ ಕೊಟ್ಟರೂ ನಡೆಯುತ್ತದೆ. ಇನ್ನೊಂದು ಮಾತನ್ನು ಮುಚ್ಚಿಡಲಾರೆ. ಮರದಲ್ಲಿ ಗುಳಿ ಕೊರೆಯುವ ರೌಟರ್, ಡ್ರಿಲ್, ಕ್ಲ್ಯಾಂಪ್‌ಗಳನ್ನೆಲ್ಲ ಹೊಸದಾಗಿ ಕೊಂಡು ಮಾಡಹೊರಟರೆ ಅಂಗಡಿಯ ಬೇಸ್‌ಗಿಂತ ನಿಮ್ಮದೇ ದುಬಾರಿಯಾಗುತ್ತದೆ. ಊರಿನ ಬಡಗಿಯೊಬ್ಬರ ಸ್ನೇಹ ಸಂಪಾದಿಸಿ, ಹಲಗೆ ಸೀಳುವುದು ಮತ್ತು ಮಟ್ಟ ಮಾಡುವುದನ್ನು ಅವರ ಯಂತ್ರದಲ್ಲಿ ಮಾಡಿಸಿಕೊಳ್ಳಿ.

ಅಜ್ಜನ ಮನೆಯ ತೇಗ ನಿಮಗೆ ದೊರೆತ ಭಾಗ್ಯವೆಂದೇ ಹೇಳುತ್ತೇನೆ. ದಶಕಗಳ ಕಾಲ ಒಣಗಿದ ಮರ ಇನ್ನು ಸೆಟೆಯುವ ಸಂಭವ ತೀರ ಕಡಿಮೆ. ಆದರೆ ಗರಗಸ ಮುಟ್ಟಿಸುವ ಮೊದಲು ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ದಾರಕ್ಕೆ ಕಟ್ಟಿ, ತುಂಡಿನ ನಾಲ್ಕೂ ಮೈಯ ಮೇಲೆ ನಿಧಾನವಾಗಿ ಓಡಿಸಿ. ತಲೆ ಮುರಿದು ಒಳಗೇ ಉಳಿದ ಮೊಳೆ ಕಣ್ಣಿಗೆ ಕಾಣದಿದ್ದರೂ ಅಯಸ್ಕಾಂತ ಅಲ್ಲಿ ಸಣ್ಣಗೆ ವಾಲುತ್ತದೆ. ಐದು ಇಂಚು ಅಗಲದ ಮೂರು ತುಂಡುಗಳ ಅಂಚುಗಳನ್ನು ಉಜ್ಜುಗೊರಡಿನಿಂದ ನೇರಮಾಡಿ ಜೋಡಿಸಿದರೆ ಬಾಡಿಗೆ ಬೇಕಾದ ಹದಿನಾಲ್ಕು ಇಂಚು ಅಗಲ ದೊರೆಯುತ್ತದೆ. ಅಂಚುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಹಿಂದಿನಿಂದ ಬೆಳಕು ಹಿಡಿದಾಗ ನಡುವೆ ಎಲ್ಲಿಯೂ ಬೆಳಕು ಇಣುಕಬಾರದು. ತೇಗದಲ್ಲಿ ಸಹಜವಾದ ಎಣ್ಣೆಯ ಅಂಶವಿರುವುದರಿಂದ ಅಂಟು ಹಚ್ಚುವ ಮುನ್ನ ಅಂಚನ್ನು ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆರಿದ ಕೂಡಲೇ ಫೆವಿಕಾಲ್ ಹಚ್ಚಿ. ಕ್ಲ್ಯಾಂಪ್ ಇಲ್ಲದಿದ್ದರೆ ದಪ್ಪ ಪ್ಲೈವುಡ್ ಹಲಗೆಯ ಮೇಲೆ ಎರಡು ಪಟ್ಟಿಗಳನ್ನು ಸ್ಕ್ರೂ ಹಾಕಿ ನಿಲ್ಲಿಸಿ, ನಡುವೆ ತುಂಡುಗಳನ್ನಿಟ್ಟು ಜೋಡಿ ಬೆಣೆ ಹೊಡೆಯಿರಿ. ನಮ್ಮ ಆಚಾರಿಗಳು ಬಾಗಿಲ ಹಲಗೆ ಕೂಡಿಸುತ್ತಿದ್ದದ್ದು ಹೀಗೆಯೇ, ಬಿಗಿತದಲ್ಲಿ ಇದು ಯಾವ ಕ್ಲ್ಯಾಂಪಿಗೂ ಕಡಿಮೆಯಿಲ್ಲ.

ತೇಗ ಭಾರವಾದ ಮರ. ಒಣಗಿದ ತೇಗ ಘನ ಮೀಟರಿಗೆ ಸುಮಾರು 650 ಕಿಲೋ ತೂಗುತ್ತದೆ. ಆದುದರಿಂದ ಬಾಡಿಯ ದಪ್ಪವನ್ನು ಒಂದೂಮುಕ್ಕಾಲು ಇಂಚಿನ ಬದಲು ಒಂದೂವರೆ ಇಂಚಿಗೆ ಇಳಿಸುವುದು ಒಳ್ಳೆಯದು. ಹಾಗೆ ಮಾಡುವುದಾದರೆ ನೆಕ್ ಕೂರುವ ಗುಳಿಯ ಆಳವನ್ನೂ ಪಿಕಪ್ ಗುಳಿಯ ಆಳವನ್ನೂ ಕಾಗದದ ಮೇಲೆ ಮೊದಲೇ ಲೆಕ್ಕ ಹಾಕಿ, ಹಿಂಬದಿಯಲ್ಲಿ ಎಷ್ಟು ಮರ ಉಳಿಯುತ್ತದೆಂದು ನೋಡಿಕೊಳ್ಳಿ. ಪಟ್ಟಿ ಸಿಕ್ಕಿಸುವ ಮೇಲಿನ ಕೊಂಬು ಹನ್ನೆರಡನೆಯ ಫ್ರೆಟ್‌ನ ಆಸುಪಾಸಿಗೆ ಬರುವಂತೆ ಉದ್ದವಾಗಿರಲಿ. ಅದು ಗಿಡ್ಡವಾದರೆ ಹೆಗಲಿಗೆ ಹಾಕಿದಾಗ ನೆಕ್ ನೆಲದ ಕಡೆಗೆ ವಾಲುತ್ತದೆ, ನುಡಿಸುವವರ ಎಡಗೈ ಅದನ್ನು ಹೊರುವುದರಲ್ಲೇ ದಣಿಯುತ್ತದೆ.

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ಕಡಿದ ಸಿಲ್ವರ್ ಓಕ್ ಮರವಿದೆ. ಅದರಿಂದ ಬೇಸ್ ಗಿಟಾರಿನ ಬಾಡಿ ಮಾಡಬಹುದೇ? ಮರ ಕಡಿದು ಎರಡು ತಿಂಗಳಾಗಿದೆ. (ಓದುಗರು, ಚಿಕ್ಕಮಗಳೂರು ಜಿಲ್ಲೆ)

ಉತ್ತರ: ಮರ ಒಳ್ಳೆಯದೇ, ಆದರೆ ಎರಡು ತಿಂಗಳು ಏನೇನೂ ಸಾಲದು. ಆಸ್ಟ್ರೇಲಿಯಾ ಮೂಲದ ಈ ಮರವನ್ನು ನಮ್ಮ ತೋಟಗಳಲ್ಲಿ ನೆರಳಿಗಾಗಿಯೂ ಮೆಣಸಿನ ಬಳ್ಳಿ ಹಬ್ಬಿಸಲೆಂದೂ ಬೆಳೆಸುವುದರಿಂದ ಅದನ್ನು ಪ್ಲೈವುಡ್ಡಿಗೂ ಪೆಟ್ಟಿಗೆಗೂ ಸರಿಯೆಂದು ಅಗ್ಗವಾಗಿ ಕಾಣುತ್ತೇವೆ. ದಿಮ್ಮಿಯ ತಿರುಳಿನಿಂದ ಹೊರಮುಖವಾಗಿ ಸೀಳಿಸಿದ ಹಲಗೆಯ ಮೈಯಲ್ಲಿ ಮೀನಿನ ಹುರುಪೆಯಂತೆ ಹೊಳೆಯುವ ಚಿತ್ತಾರ ಮೂಡುತ್ತದೆ. ಅದರ ಚೆಲುವನ್ನು ಒಮ್ಮೆ ನೋಡಿದವರು ಅದನ್ನು ಬಣ್ಣದಡಿ ಮುಚ್ಚಲು ಒಪ್ಪುವುದಿಲ್ಲ. ಹೀಗೆ ಸೀಳಿಕೊಡಿ ಎಂದು ಸಾಮಿಲ್‌ನವರಿಗೆ ಬಾಯಿಬಿಟ್ಟು ಹೇಳಬೇಕು, ಇಲ್ಲವಾದರೆ ಅವರು ಮರ ಹೆಚ್ಚು ಉಳಿಯುವ ಕ್ರಮದಲ್ಲಿ ಸೀಳಿಬಿಡುತ್ತಾರೆ.

ನೆರಳಿನಲ್ಲಿ ಗಾಳಿಗೆ ಒಣಗಿಸುವುದಾದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಬಡಗಿಗಳ ಲೆಕ್ಕ. ನಿಮ್ಮದು ಎರಡು ಇಂಚಿನ ಹಲಗೆಯಾದರೆ ಎರಡು ಮಳೆಗಾಲ ಕಾಯಬೇಕಾಗುತ್ತದೆ. ಹಲಗೆಯ ಎರಡೂ ತುದಿಗಳಿಗೆ ಹಳೆಯ ಬಣ್ಣವನ್ನೋ ಮೇಣವನ್ನೋ ದಪ್ಪಗೆ ಬಳಿಯಬೇಕು. ತೇವ ತುದಿಯಿಂದ ಬೇಗ ಹೊರಟರೆ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಅಟ್ಟದ ಮೇಲೆ, ನಡುವೆ ಒಂದೇ ದಪ್ಪದ ಪಟ್ಟಿಗಳನ್ನಿಟ್ಟು ಗಾಳಿ ಆಡುವಂತೆ ಪೇರಿಸಿ. ತೇವ ಅಳೆಯುವ ಉಪಕರಣ ಕೊಳ್ಳುವ ಅಗತ್ಯವಿಲ್ಲ. ಹದಿನೈದು ದಿನಕ್ಕೊಮ್ಮೆ ಹಲಗೆಯನ್ನು ತೂಕ ಮಾಡಿ, ತೂಕವನ್ನೂ ತಾರೀಖನ್ನೂ ಹಲಗೆಯ ಮೇಲೆಯೇ ಪೆನ್ಸಿಲಿನಲ್ಲಿ ಬರೆಯುತ್ತಾ ಬನ್ನಿ. ಬೇಸಿಗೆಯಲ್ಲಿ ಸತತವಾಗಿ ನಾಲ್ಕೈದು ಬಾರಿ ತೂಕ ಇಳಿಯದೆ ನಿಂತರೆ ಮರ ಸಿದ್ಧವಾಯಿತೆಂದು ತಿಳಿಯಿರಿ. ಅಷ್ಟು ಕಾಯಲಾಗದಿದ್ದರೆ ತೋಟದ ಗೋದಾಮಿನಲ್ಲಿ ವರ್ಷಗಳಿಂದ ಬಿದ್ದಿರುವ ಹಳೆಯ ಹಲಗೆಯನ್ನು ಹುಡುಕುವುದು ಲೇಸು.

ಸಾಮಿಲ್‌ನಲ್ಲಿ ಕೊಳ್ಳುವವರಿಗೂ ಇಲ್ಲಿಯೇ ಒಂದು ಲೆಕ್ಕ ಹೇಳುತ್ತೇನೆ. 20 ಇಂಚು ಉದ್ದ, 14 ಇಂಚು ಅಗಲ, ಒಂದೂಮುಕ್ಕಾಲು ಇಂಚು ದಪ್ಪವೆಂದರೆ 490 ಘನ ಇಂಚು. 1728ರಿಂದ ಭಾಗಿಸಿದರೆ ಅದು 0.28 ಘನ ಅಡಿ. ಸೀಳುವಾಗ, ಮಟ್ಟ ಮಾಡುವಾಗ ಹೋಗುವುದನ್ನೂ ಸೇರಿಸಿ ಅರ್ಧ ಘನ ಅಡಿ ಕೊಂಡರೆ ಧಾರಾಳವಾಯಿತು. ಸಿಲ್ವರ್ ಓಕ್‌ನ ಹುಡಿ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಆದ್ದರಿಂದ ಉಜ್ಜುವಾಗ ತುಂಬುತೋಳಿನ ಅಂಗಿ ಮತ್ತು ಮುಖಗವಸು ಧರಿಸಿ.

ಪ್ರಶ್ನೆ: ಬೇಸ್ ಕಟ್ಟಿ ಮುಗಿಸಿದ್ದೇನೆ. ಬಿಡಿ ತಂತಿ ಶ್ರುತಿಯಲ್ಲಿದ್ದರೂ ಹನ್ನೆರಡನೆಯ ಫ್ರೆಟ್‌ನಲ್ಲಿ ಒತ್ತಿದಾಗ ಸ್ವರ ಏರುತ್ತದೆ. ಬ್ರಿಡ್ಜ್‌ನ ಸ್ಯಾಡಲ್‌ಗಳನ್ನು (ಒಂದೊಂದು ತಂತಿ ಕೂರುವ, ಹಿಂದೆ ಮುಂದೆ ಸರಿಸಬಹುದಾದ ತುಂಡುಗಳು) ಪೂರ್ತಿ ಹಿಂದಕ್ಕೆ ತಂದರೂ ಸರಿಹೋಗುತ್ತಿಲ್ಲ. ಎಲ್ಲವನ್ನೂ ಬಿಚ್ಚಬೇಕೇ? (ಓದುಗರು, ಮೈಸೂರು)

ಉತ್ತರ: ಬಿಚ್ಚುವ ಮುನ್ನ ಎರಡು ಪರೀಕ್ಷೆ ಮಾಡಿ. ತಂತಿ ಹಳೆಯದಾಗಿದ್ದರೆ ಹೊಸದು ಹಾಕಿ ನೋಡಿ. ತಂತಿ ಫ್ರೆಟ್‌ಗಳಿಂದ ತೀರ ಎತ್ತರದಲ್ಲಿದ್ದರೆ ಒತ್ತುವಾಗಲೇ ಅದು ಹಿಗ್ಗಿ ಸ್ವರ ಏರುತ್ತದೆ, ಅದನ್ನು ತಗ್ಗಿಸಿ ನೋಡಿ. ಆಗಲೂ ಸ್ವರ ಏರಿಯೇ ಇದ್ದರೆ ಬ್ರಿಡ್ಜ್ ನಟ್‌ಗೆ ಹತ್ತಿರವಾಗಿದೆ ಎಂದೇ ಅರ್ಥ.

ನಟ್‌ನಿಂದ ಹನ್ನೆರಡನೆಯ ಫ್ರೆಟ್‌ವರೆಗಿನ ದೂರವನ್ನು ಅಳೆದು ಎರಡರಿಂದ ಗುಣಿಸಿ, ಬಾಡಿಯ ಮೇಲೆ ಒಂದು ಗೆರೆ ಹಾಕಿ. ಅದು 34 ಇಂಚಿನ ಗೆರೆ. ತೆಳ್ಳಗಿನ ಜಿ ತಂತಿಯ ಸ್ಯಾಡಲ್ ಈ ಗೆರೆಗೆ ಒಂದೆರಡು ಮಿಲಿಮೀಟರ್ ಹಿಂದೆ ನಿಲ್ಲುತ್ತದೆ, ದಪ್ಪನೆಯ ಇ ತಂತಿಯದು ಐದಾರು ಮಿಲಿಮೀಟರ್ ಹಿಂದೆ. ದಪ್ಪ ತಂತಿಗೆ ಬಿಗುಸು ಹೆಚ್ಚು, ಅದನ್ನು ತುಸು ಉದ್ದಮಾಡಿ ಸರಿದೂಗಿಸಬೇಕಾಗುತ್ತದೆ. ಆದುದರಿಂದ ಜಿ ತಂತಿಯ ಸ್ಯಾಡಲ್ ಅನ್ನು ಅದರ ಓಟದ ಮುಂತುದಿಯ ಸಮೀಪಕ್ಕೆ ತಂದುಕೊಂಡು, ಆಗ ಅದು ಗೆರೆಯ ಮೇಲೆ ಬರುವಂತೆ ಬ್ರಿಡ್ಜ್ ಅನ್ನು ಇಟ್ಟು ಗುರುತು ಮಾಡಿದರೆ, ಉಳಿದವಕ್ಕೆಲ್ಲ ಹಿಂದೆ ಸರಿಯಲು ಜಾಗ ಉಳಿಯುತ್ತದೆ. ಹಳೆಯ ಸ್ಕ್ರೂ ತೂತುಗಳಿಗೆ ಅದೇ ಮರದ ಕಡ್ಡಿಯನ್ನು ಅಂಟು ಹಚ್ಚಿ ತುಂಬಿ, ಒಂದು ದಿನ ಬಿಟ್ಟು, ಮಟ್ಟ ಮಾಡಿ ಹೊಸದಾಗಿ ತೂತು ಕೊರೆಯಿರಿ. ಬ್ರಿಡ್ಜ್‌ನ ತಗಡು ಅವನ್ನು ಬಹುಮಟ್ಟಿಗೆ ಮುಚ್ಚುತ್ತದೆ.

ಕೊರೆಯುವ ಮೊದಲು ದಯವಿಟ್ಟು ದಾರದ ಪರೀಕ್ಷೆ ಮಾಡಿ. ನನ್ನ ಮೊದಲ ಬೇಸ್‌ನಲ್ಲಿ ನಾನು ಬಾಡಿಯ ನಡುಗೆರೆಯನ್ನು ಅಳತೆಪಟ್ಟಿಯಿಂದ ಹಿಡಿದು, ಅದನ್ನೇ ನಂಬಿ ಬ್ರಿಡ್ಜ್ ಕೂರಿಸಿದ್ದೆ. ನೆಕ್ ತನ್ನ ಗುಳಿಯಲ್ಲಿ ಕೂದಲೆಳೆಯಷ್ಟು ಓರೆಯಾಗಿತ್ತು. ಅಲ್ಲಿಯ ಕೂದಲೆಳೆ ಬ್ರಿಡ್ಜ್‌ನ ಬಳಿ ಬರುವಷ್ಟರಲ್ಲಿ ಮೂರು ಮಿಲಿಮೀಟರ್ ಆಗಿ, ತಂತಿ ಹಾಕಿದಾಗ ಜಿ ತಂತಿ ಕೊನೆಯ ಫ್ರೆಟ್‌ಗಳ ಅಂಚಿನಿಂದ ಜಾರಿ ಬೀಳುತ್ತಿತ್ತು. ವಾರಗಟ್ಟಲೆ ಉಜ್ಜಿ ಹೊಳಪು ತಂದಿದ್ದ ಮುಖದ ಮೇಲೆ ಮತ್ತೆ ಡ್ರಿಲ್ ಇಡಬೇಕಾದಾಗ ಆದ ಸಂಕಟ ಇಂದಿಗೂ ನೆನಪಿದೆ. ಅಂದಿನಿಂದ ನಾನು ನೆಕ್ ಅನ್ನು ಕ್ಲ್ಯಾಂಪಿನಲ್ಲಿ ಹಿಡಿದು, ಹೊಲಿಗೆಯ ಕಪ್ಪು ದಾರ ಎರಡನ್ನು ಇ ಮತ್ತು ಜಿ ತಂತಿಗಳ ದಾರಿಯಲ್ಲಿ ನಟ್‌ನಿಂದ ಸ್ಯಾಡಲ್‌ವರೆಗೆ ಬಿಗಿಯಾಗಿ ಎಳೆದು, ಕೊನೆಯ ಫ್ರೆಟ್‌ನ ಬಳಿ ಎರಡೂ ಅಂಚುಗಳಿಂದ ದಾರಕ್ಕಿರುವ ದೂರ ಒಂದೇ ಆಗುವವರೆಗೆ ಬ್ರಿಡ್ಜ್ ಅನ್ನು ಬೆರಳಿನಿಂದ ಸರಿಸುತ್ತೇನೆ. ಆ ಬಳಿಕವೇ ಗುರುತು, ಗುರುತಾದ ಮೇಲೆಯೇ ತೂತು.

ನೆಕ್‌ನ ಸ್ಕ್ರೂಗಳ ವಿಷಯದಲ್ಲಿಯೂ ಒಂದು ಎಚ್ಚರಿಕೆ ಇದೆ. ಬಾಡಿಯಲ್ಲಿನ ತೂತು ಸ್ಕ್ರೂ ಸಲೀಸಾಗಿ ಜಾರುವಷ್ಟು ದೊಡ್ಡದಿರಬೇಕು, ಸ್ಕ್ರೂವಿನ ಸುರುಳಿ ಏಣುಗಳು ನೆಕ್‌ನ ಮರವನ್ನು ಮಾತ್ರ ಕಚ್ಚಬೇಕು. ಎರಡನ್ನೂ ಕಚ್ಚಿದರೆ ಎಷ್ಟೇ ತಿರುಗಿಸಿದರೂ ನಡುವೆ ಸಂದು ಉಳಿಯುತ್ತದೆ. ಸ್ಕ್ರೂವನ್ನು ಮೇಣದಬತ್ತಿಗೆ ಉಜ್ಜಿಕೊಂಡರೆ ಗಟ್ಟಿ ಮರದಲ್ಲೂ ತಲೆ ಮುರಿಯದೆ ಇಳಿಯುತ್ತದೆ.

ಪ್ರಶ್ನೆ: ಜುಲೈ ತಿಂಗಳಲ್ಲಿ ಕಂಪ್ರೆಸರ್ ತಂದು ಗಿಟಾರಿಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಹೊಡೆದೆ. ಅರ್ಧ ಗಂಟೆಯಲ್ಲಿ ಮೈಯೆಲ್ಲ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಮರದ ಎಳೆ ಕಾಣುವಂತೆ, ಕಡಿಮೆ ಖರ್ಚಿನಲ್ಲಿ, ಸ್ಪ್ರೇ ಇಲ್ಲದೆ ಮುಗಿಸುವ ದಾರಿ ಇದೆಯೇ? (ಓದುಗರು, ಮಂಗಳೂರು)

ಉತ್ತರ: ಇದರಲ್ಲಿ ಲ್ಯಾಕರ್‌ನ ತಪ್ಪಿಲ್ಲ, ತಪ್ಪಿದ್ದು ಕಾಲ. ಲ್ಯಾಕರಿನ ಥಿನ್ನರ್ ಬಹುಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಕರಾವಳಿಯ ಆಷಾಢದ ಗಾಳಿಯಲ್ಲಿರುವ ತೇವ ಅದರ ಮೇಲೆ ಇಳಿದು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ಕೆರೆದು ತೆಗೆಯುವ ಅಗತ್ಯವಿಲ್ಲ. ಮಳೆ ನಿಂತು ಒಣ ಹವೆ ಬಂದ ಮೇಲೆ, ನಡುಹಗಲಿನಲ್ಲಿ, ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರ್ ಅನ್ನು ತೆಳುವಾಗಿ ಹೊಡೆದರೆ ಪದರ ಮೆತ್ತಗಾಗಿ ಸಿಕ್ಕಿಕೊಂಡ ತೇವ ಹೊರಬಂದು ಬಿಳುಪು ಸಾಮಾನ್ಯವಾಗಿ ಕರಗುತ್ತದೆ.

ಸ್ಪ್ರೇ ಇಲ್ಲದ ದಾರಿಗಳಲ್ಲಿ ಅತ್ಯಂತ ಅಗ್ಗವಾದದ್ದು ಅರಗು. ಚನ್ನಪಟ್ಟಣದ ಗೊಂಬೆಗಳ ಹೊಳಪು ಅರಗಿನದೇ. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ತಿಕ್ಕಾಟದ ಬಿಸಿಗೆ ಅದು ಕರಗಿ ಅಂಟಿಕೊಳ್ಳುತ್ತದೆ. ಚಪ್ಪಟೆಯಾದ ಗಿಟಾರಿಗೆ ಆ ವಿಧಾನ ಒಗ್ಗದು, ಆದರೆ ಅದೇ ಅರಗಿನ ಚಕ್ಕೆಗಳನ್ನು 100 ಗ್ರಾಮಿಗೆ ಅರ್ಧ ಲೀಟರಿನಂತೆ ಪಾಲಿಷ್ ಸ್ಪಿರಿಟ್‌ನಲ್ಲಿ ರಾತ್ರಿಯಿಡೀ ನೆನೆಸಿ ಬಟ್ಟೆಯ ಉಂಡೆಯಿಂದ ಹಚ್ಚಬಹುದು. ಬಣ್ಣ ಜೇನಿನಂತೆ ಬೆಚ್ಚಗಿರುತ್ತದೆ. ಒಂದೇ ಕೊರತೆಯೆಂದರೆ ಬೆವರು. ಬೇಸ್ ನುಡಿಸುವವರ ಮುಂಗೈ ಬಾಡಿಯ ಮೇಲಂಚಿಗೆ ಸದಾ ತಾಗುತ್ತಿರುತ್ತದೆ, ನಿಮ್ಮ ಊರಿನ ಸೆಕೆಯಲ್ಲಿ ಆ ಭಾಗದ ಅರಗು ಕೆಲವೇ ತಿಂಗಳಲ್ಲಿ ಅಂಟಂಟಾಗುತ್ತದೆ. ಆದುದರಿಂದ ಅರಗನ್ನು ಅಡಿಪದರವಾಗಿ ಮಾತ್ರ ಬಳಸಿ ಎನ್ನುತ್ತೇನೆ.

ನಾನು ಮನೆಯಲ್ಲಿ ಅನುಸರಿಸುವ ಕ್ರಮ ಹೀಗಿದೆ. ಬಾಡಿಯನ್ನು 120, 180, 220, 320 ಹೀಗೆ ಒಂದೊಂದೇ ಉಪ್ಪುಕಾಗದದಿಂದ, ಎಳೆಯ ದಿಕ್ಕಿನಲ್ಲಿ ಮಾತ್ರ, ಮರದ ತುಂಡಿಗೆ ಸುತ್ತಿಕೊಂಡು ಉಜ್ಜಬೇಕು. ಪ್ರತಿ ಹಂತದ ಬಳಿಕ ಕೋಣೆಯ ದೀಪ ಆರಿಸಿ, ಟಾರ್ಚ್ ಅನ್ನು ಬಾಡಿಯ ಮೈಗೆ ತಾಗುವಂತೆ ಓರೆಯಾಗಿ ಹಿಡಿದು ನೋಡಿ. ಹಗಲು ಕಾಣದಿದ್ದ ಗೀರುಗಳು ಉತ್ತ ಹೊಲದ ಸಾಲಿನಂತೆ ಎದ್ದು ಕಾಣುತ್ತವೆ. ಅವು ಪೂರ್ತಿ ಹೋಗುವವರೆಗೆ ಮುಂದಿನ ಕಾಗದಕ್ಕೆ ಹೋಗಬಾರದು. ಕೊನೆಯಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದರೆ ಮಲಗಿದ್ದ ನಾರು ಎದ್ದು ನಿಲ್ಲುತ್ತದೆ, ಒಣಗಿದ ಮೇಲೆ ಅದನ್ನು 320ರಲ್ಲಿ ಹಗುರವಾಗಿ ತೆಗೆಯಬೇಕು. ನಂತರ ಅರಗಿನ ದ್ರಾವಣವನ್ನು ಒಂದು ವಾರ ಅಲುಗಿಸದೆ ಇಟ್ಟು, ಮೇಣ ತಳಕ್ಕೆ ಇಳಿದ ಮೇಲೆ, ಮೇಲಿನ ತಿಳಿಯನ್ನಷ್ಟೇ ಬಸಿದು ಒಂದೆರಡು ಕೈ ಹಚ್ಚಬೇಕು. ಮೇಣ ಉಳಿದರೆ ಮೇಲಿನ ಪದರ ಕಚ್ಚದು. ಅದರ ಮೇಲೆ ಟರ್ಪೆಂಟೈನ್ ಅನ್ನು ಸಮಪಾಲು ಬೆರೆಸಿದ ಒಂದೇ ಡಬ್ಬಿಯ ಪಾಲಿಯುರೇಥೇನ್ ವಾರ್ನಿಷ್ ಅನ್ನು ಹಳೆಯ ಬನಿಯನ್ ಬಟ್ಟೆಯಿಂದ ತೆಳುವಾಗಿ ಒರೆಸುತ್ತಾ, ದಿನಕ್ಕೆ ಒಂದರಂತೆ ಎಂಟು ಹತ್ತು ಪದರ ಹಚ್ಚಿ. ಮೂರು ಪದರಕ್ಕೊಮ್ಮೆ 400ರ ಕಾಗದವನ್ನು ಹಗುರವಾಗಿ ಆಡಿಸಬೇಕು. ಕೊಂಬುಗಳ ತುದಿಯಲ್ಲಿ ಮರದ ಎಳೆ ತೆರೆದುಕೊಂಡಿರುವುದರಿಂದ ಅಲ್ಲಿ ಎರಡು ಪದರ ಹೆಚ್ಚು ಬೇಕಾಗುತ್ತದೆ. ನೆಕ್ ಕೂರುವ ಗುಳಿಗೆ ಮೊದಲೇ ಟೇಪ್ ಅಂಟಿಸಿ, ಒಳಗೆ ವಾರ್ನಿಷ್ ತುಂಬಿದರೆ ನೆಕ್ ಸರಿಯಾಗಿ ಕೂರುವುದಿಲ್ಲ. ಕೊನೆಯ ಪದರದ ನಂತರ ಮೂರು ವಾರ ಮುಟ್ಟದೆ ಬಿಟ್ಟು, ಆಮೇಲೆ 1000, 1500, 2000 ಕಾಗದಗಳಿಂದ ನೀರು ಹಾಕಿ ಉಜ್ಜಿದರೆ ಕೈಗೆ ರೇಷ್ಮೆ ತಾಗಿದಂತಾಗುತ್ತದೆ.

ಗಟ್ಟಿಕಾರಕ ಬೆರೆಸುವ ಎರಡು ಡಬ್ಬಿಯ ಪಾಲಿಯುರೇಥೇನ್ (ಪಿಯು) ಅನ್ನು ಮನೆಯಲ್ಲಿ ಸ್ಪ್ರೇ ಮಾಡಬೇಡಿ. ಅದರಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ, ಬಟ್ಟೆಯ ಮುಖಗವಸು ಅದನ್ನು ತಡೆಯುವುದಿಲ್ಲ. ಅಗಸೆ ಎಣ್ಣೆ ಅಥವಾ ಎಣ್ಣೆ ಬೆರೆತ ವಾರ್ನಿಷ್ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆದರೆ ಅದು ತಾನೇ ಕಾದು ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ಅದ್ದಿ, ಬಯಲಿನಲ್ಲಿ ಬಿಡಿಸಿ ಒಣಹಾಕಿದ ಮೇಲೆಯೇ ಅದನ್ನು ಎಸೆಯಬೇಕು.

ಪ್ರಶ್ನೆ: ಕಟ್ಟಿದ ಬೇಸ್ ಅನ್ನು ಆಂಪ್ಲಿಫೈಯರಿಗೆ ಜೋಡಿಸಿದರೆ ಗುಂಯ್‌ಗುಡುವ ಸದ್ದು ಬರುತ್ತದೆ. ತಂತಿ ಮುಟ್ಟಿದರೆ ಸ್ವಲ್ಪ ಕಡಿಮೆಯಾಗುತ್ತದೆ. ಏನು ಮಾಡಬೇಕು? (ಓದುಗರು, ಹುಬ್ಬಳ್ಳಿ)

ಉತ್ತರ: ಮುಟ್ಟಿದಾಗ ಕಡಿಮೆಯಾಗುವುದು ಒಳ್ಳೆಯ ಲಕ್ಷಣ. ಬ್ರಿಡ್ಜ್‌ನಿಂದ ಜ್ಯಾಕ್‌ವರೆಗಿನ (ಕೇಬಲ್ ಸಿಕ್ಕಿಸುವ ಕಿಂಡಿ) ನೆಲತಂತಿ (ಗ್ರೌಂಡ್) ಸರಿಯಾಗಿದೆ ಎಂದು ಅದು ತೋರಿಸುತ್ತದೆ. ಮುಟ್ಟಿದಾಗ ಸದ್ದು ಹೆಚ್ಚಾಗಿದ್ದರೆ ಜ್ಯಾಕ್‌ನ ಎರಡು ತಂತಿಗಳು ಅದಲುಬದಲಾಗಿವೆಯೇ ಎಂದು ನೋಡಬೇಕಾಗಿತ್ತು. ಮನೆಯ ವಿದ್ಯುತ್ತು 50 ಹರ್ಟ್ಸ್‌ನದು, ಇ ತಂತಿಯ ಮೂರನೆಯ ಫ್ರೆಟ್‌ನ ಸ್ವರ 49 ಹರ್ಟ್ಸ್. ಈ ಸದ್ದು ಬೇಸ್‌ನ ಸ್ವರಗಳ ನಡುವೆಯೇ ಬಂದು ಕೂರುವುದರಿಂದ ಟೋನ್ ತಿರುಗಿಸಿ ಅದನ್ನು ತೆಗೆಯಲಾಗದು, ಒಳಗೆ ಬರದಂತೆ ತಡೆಯಬೇಕು. ಪಿಕಪ್ ಮತ್ತು ವಾಲ್ಯೂಮ್ ಗುಳಿಗಳ ಒಳಮೈಗೆ ತಾಮ್ರದ ಟೇಪ್ ಅಂಟಿಸಿ, ತುಂಡುಗಳ ಸೇರುವೆಗೆ ಒಂದೊಂದು ಹನಿ ಬೆಸುಗೆ ಹಾಕಿ, ಅದನ್ನೆಲ್ಲ ನೆಲತಂತಿಗೆ ಸೇರಿಸಿ. ನಿಮ್ಮದು ಎರಡು ಸಿಂಗಲ್ ಕಾಯಿಲ್ (ಒಂದೇ ತಂತಿಸುರುಳಿಯ) ಪಿಕಪ್‌ಗಳ ಜೋಡಿಯಾಗಿದ್ದರೆ ಎರಡರ ವಾಲ್ಯೂಮನ್ನೂ ಪೂರ್ತಿ ತೆರೆದು ನೋಡಿ. ಅವು ಪರಸ್ಪರ ವಿರುದ್ಧವಾಗಿ ಸುತ್ತಿದ ಜೋಡಿಯಾಗಿದ್ದರೆ ಸದ್ದು ಬಹಳಷ್ಟು ಅಡಗುತ್ತದೆ. ಇಬ್ಭಾಗವಾದ ಪಿಕಪ್ ಅನ್ನು 1957ರಲ್ಲಿ ಪ್ರಿಸಿಷನ್ ಬೇಸ್‌ಗೆ ಅಳವಡಿಸಿದಾಗ ಇದೇ ಉಪಾಯದಿಂದ ಗುಂಯ್ ಸದ್ದು ಇಳಿಯಿತು.

ಆಂಪ್ಲಿಫೈಯರಿನ ಮೂರು ಕಡ್ಡಿಯ ಪ್ಲಗ್ ಅನ್ನು ಅರ್ತ್ ಇಲ್ಲದ ಸಾಕೆಟ್ಟಿಗಾಗಲಿ, ಎರಡು ಕಡ್ಡಿಯ ಅಡಾಪ್ಟರಿಗಾಗಲಿ ಹಾಕಲೇಬೇಡಿ. ನಿಮ್ಮ ಬೆರಳುಗಳು ತಂತಿಗಳ ಮೂಲಕ ಅದರ ಲೋಹದ ಪೆಟ್ಟಿಗೆಗೆ ನೇರವಾಗಿ ಜೋಡಣೆಯಾಗಿರುತ್ತವೆ. ಟೇಪ್ ಕೊಳ್ಳುವುದಕ್ಕೂ ಮೊದಲು ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಕೋಣೆಯ ಅರ್ತಿಂಗ್ ಪರೀಕ್ಷೆ ಮಾಡಿಸಿ.